ಎಳೆ ಚಂದ್ರನ ಪಕ್ಕ ಗ್ರಹ ಹುಡುಕುವುದು ಹೇಗೆ: ದುರ್ಗ, ದಾವಣಗೆರೆಯವರಿಗೆ ಒಂದು ಮಾರ್ಗದರ್ಶಿ

ಯುಗಾದಿ ಸಂಜೆ ನಮ್ಮ ಕಡೆ ಯಾವ ಓಣಿಗೆ ಹೋದರೂ ಜನ ಮಾಳಿಗೆ ಮೇಲಿರುತ್ತಾರೆ. ಪಶ್ಚಿಮಕ್ಕೆ ಕಣ್ಣು ನೆಟ್ಟು, "ಅಗೋ ಆ ತೆಂಗಿನ ಮರದ ಬಲಕ್ಕೆ ನೋಡು" ಅಂತ ಒಬ್ಬರಿಗೊಬ್ಬರು ಬೆರಳು ತೋರಿಸುತ್ತಾರೆ, ಚಂದ್ರ ಕಂಡ ಮೇಲೆ ಕೈ ಮುಗಿದು, ಹಿರಿಯರ ಕಾಲಿಗೆ ಬಿದ್ದು ಕೆಳಗಿಳಿಯುತ್ತಾರೆ. ರಂಜಾನ್ ತಿಂಗಳು ಮುಗಿಯುವಾಗಲೂ ಮಾಳಿಗೆಗಳ ಮೇಲೆ ಇದೇ ಹುಡುಕಾಟ. ಅಂದ್ರೆ ಎಳೆ ಚಂದ್ರನನ್ನು ಹುಡುಕುವುದು ನಮಗೆ ಹೊಸ ವಿದ್ಯೆ ಏನಲ್ಲ. ಕೆಳಗಿಳಿಯುವ ಬದಲು ಇನ್ನೊಂದು ಅರ್ಧ ಗಂಟೆ ಅಲ್ಲೇ ನಿಂತರೆ ಗ್ರಹಗಳೂ ಸಿಗುತ್ತವೆ, ಅಷ್ಟೇ.

ಇದಕ್ಕೆ ಟೆಲಿಸ್ಕೋಪ್ ಬೇಡ. ಬೇಕಾದ್ದು ಮೂರು: ಗೋಡೆ ಮೇಲಿನ ಕ್ಯಾಲೆಂಡರ್, ನಿಮ್ಮದೇ ಕೈ, ಒಂದು ಗಡಿಯಾರ. ಈ ಮೂರೂ ಅಳೆಯುವುದು ಒಂದನ್ನೇ, ಆಕಾಶದಲ್ಲಿ ಎಷ್ಟು ಡಿಗ್ರಿ ಅಂತ. ಇದು ತಲೆಗೆ ಹೋದರೆ ಅರ್ಧ ಕೆಲಸ ಮುಗಿದಂತೆ.

ಹಂತ 1: ಯಾವ ಸಂಜೆ ಅಂತ ತಿಥಿ ನೋಡಿ ಹೇಳಿ

ತಿಥಿ ಅಂದ್ರೆ ಬರೀ ಹಬ್ಬ, ಉಪವಾಸದ ಲೆಕ್ಕ ಅಂದುಕೊಂಡವರೇ ಜಾಸ್ತಿ. ಅಸಲಿಗೆ ಅದು ಕೋನದ ಅಳತೆ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ ಮುಗಿಯಿತು. ಅಮಾವಾಸ್ಯೆ ಕಳೆದ ಮೇಲೆ ಪಾಡ್ಯ 0ರಿಂದ 12 ಡಿಗ್ರಿ, ಬಿದಿಗೆ 12ರಿಂದ 24, ತದಿಗೆ 24ರಿಂದ 36, ಚೌತಿ 36ರಿಂದ 48. ಅಂದ್ರೆ ಚಂದ್ರ ಸಂಜೆ ಎಲ್ಲಿರುತ್ತಾನೆ ಅನ್ನುವುದು ನಿಮ್ಮ ಅಡುಗೆಮನೆ ಗೋಡೆಯ ಮೇಲೆ ಮೊದಲೇ ಅಚ್ಚಾಗಿ ಬಂದಿದೆ.

ಇದಕ್ಕೆ ಗ್ರಹಗಳ ಲೆಕ್ಕ ಸೇರಿಸಿ. ಬುಧ ಸೂರ್ಯನಿಂದ 28 ಡಿಗ್ರಿಗಿಂತ ಆಚೆ ಹೋಗುವುದಿಲ್ಲ. ಶುಕ್ರ ಸುಮಾರು 47 ಡಿಗ್ರಿ ದಾಟುವುದಿಲ್ಲ. ಹಾಗಾಗಿ ಸಂಜೆ ಹೊತ್ತು ಚಂದ್ರ ಬುಧನ ಪಕ್ಕ ಬರುವುದು ಸಾಮಾನ್ಯವಾಗಿ ಬಿದಿಗೆಯ ಹೊತ್ತಿಗೆ, ಹೆಚ್ಚೆಂದರೆ ತದಿಗೆಗೆ. ಶುಕ್ರನ ಪಕ್ಕ ಬರುವುದು ಚೌತಿಯೊಳಗೆ. ಷಷ್ಠಿ ದಿನ ಯಾರಾದರೂ ಚಂದ್ರನ ಪಕ್ಕದ ಚುಕ್ಕಿ ತೋರಿಸಿ "ಅದು ಶುಕ್ರ" ಅಂದರೆ ನಂಬಬೇಡಿ. ಅದು ಗುರು ಇರಬಹುದು, ಮಂಗಳ ಇರಬಹುದು, ಶನಿ ಇರಬಹುದು. ಇವು ಮೂರು ಸೂರ್ಯನಿಂದ ಎಷ್ಟು ದೂರ ಬೇಕಾದರೂ ಹೋಗುತ್ತವೆ.

ಒಂದು ಎಚ್ಚರ. ಕ್ಯಾಲೆಂಡರಿನಲ್ಲಿ ಹಾಕುವುದು ಸೂರ್ಯ ಹುಟ್ಟುವಾಗ ಇದ್ದ ತಿಥಿ. ಸಂಜೆಗೆ ಮುಂದಿನ ತಿಥಿ ಬಂದಿರಬಹುದು. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ತಿಥಿ ಮುಗಿಯುವ ಹೊತ್ತು ಇರುತ್ತದೆ, ಅದನ್ನೂ ನೋಡಿ.

ಭಾದ್ರಪದದ ಚೌತಿ ಮಾತ್ರ ಪೇಚಿನ ಸಂಗತಿ. ಶುಕ್ರ ಸೂರ್ಯನಿಂದ ಅತಿ ದೂರ ಇರುವ ವರ್ಷ ಗಣೇಶನ ಹಬ್ಬದ ಸಂಜೆಯೇ ಚಂದ್ರನ ಜೊತೆ ಸೇರುವುದುಂಟು. ನೋಡುವುದೋ ಬಿಡುವುದೋ ನಿಮ್ಮ ಮನೆಯವರನ್ನು ಕೇಳಿ. ನಾನಂತೂ ನೋಡುತ್ತೇನೆ, ನೋಡಿ ಬಂದು ಶಮಂತಕ ಮಣಿಯ ಕಥೆ ಕೇಳುತ್ತೇನೆ.

ಹಂತ 2: ಯಾವ ಗ್ರಹ ಪಶ್ಚಿಮದಲ್ಲಿದೆ?

ಇದಕ್ಕೂ ಪಂಚಾಂಗ ಸಾಕು, ಆದರೆ ಓದುವ ಬಗೆ ಬೇರೆ. ಮದುವೆ ಮುಹೂರ್ತ ಕೇಳಲು ಹೋದಾಗ "ಈಗ ಶುಕ್ರಾಸ್ತ, ಎರಡು ತಿಂಗಳು ಬೇಡ" ಅಂತ ಶಾಸ್ತ್ರಿಗಳು ಹೇಳುವುದು ಕೇಳಿರುತ್ತೀರಿ. ಅಸ್ತ ಅಂದ್ರೂ ಮೌಢ್ಯ ಅಂದ್ರೂ ಒಂದೇ, ಆ ಗ್ರಹ ಸೂರ್ಯನ ಹತ್ತಿರ ಹೋಗಿ ಕಣ್ಣಿಗೆ ಕಾಣದಂತಾಗಿದೆ ಅಂತ. ಆಕಾಶ ನೋಡುವವರಿಗೆ ಇದು ನೇರ ಸೂಚನೆ. ಶುಕ್ರ ಪಶ್ಚಿಮದಲ್ಲಿ ಉದಯ ಅಂತ ಬರೆದಿದ್ದರೆ ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಸಂಜೆ ಶುಕ್ರ ಸಿಗುತ್ತದೆ.

ಆದರೆ "ಒಂದೇ ರಾಶಿಯಲ್ಲಿ ಗುರು, ಶುಕ್ರ, ಚಂದ್ರ" ಅಂತ ಓದಿ ಓಡಿಬರಬೇಡಿ. ಒಂದು ರಾಶಿ 30 ಡಿಗ್ರಿ. ಒಂದು ಗ್ರಹ ರಾಶಿಯ ಆ ತುದಿ, ಇನ್ನೊಂದು ಈ ತುದಿ ಇದ್ದರೂ ಜಾತಕದಲ್ಲಿ ಅದು ಯುತಿಯೇ. ಕಣ್ಣಿಗೆ ಅದು ಗುಂಪು ಅನ್ನಿಸುವುದೇ ಇಲ್ಲ. ಅದಕ್ಕೆ ಪಂಚಾಂಗದಲ್ಲಿ ರಾಶಿಯ ಹೆಸರಿಗಿಂತ ಗ್ರಹಸ್ಫುಟದ, ಅಂದ್ರೆ ಗ್ರಹ ಇರುವ ನಿಖರ ಜಾಗದ, ಡಿಗ್ರಿ ನೋಡಬೇಕು. ಎರಡರ ನಡುವೆ ಐದು ಡಿಗ್ರಿಯೊಳಗಿದ್ದರೆ ಚೆನ್ನ, ಒಂದೆರಡು ಡಿಗ್ರಿ ಇದ್ದರೆ ಪಕ್ಕದ ಮನೆಯವರನ್ನೂ ಕರೆಯಿರಿ.

ಇಷ್ಟೆಲ್ಲ ಯಾಕೆ ಅನ್ನುವವರಿಗೆ ಸ್ಟೆಲೇರಿಯಂ ಅನ್ನುವ ಆಕಾಶ ತೋರಿಸುವ ಸಾಫ್ಟ್‌ವೇರ್ ಇದೆ, ಕಂಪ್ಯೂಟರಿಗೆ ಪುಕ್ಕಟೆ. ಊರು ಚಿತ್ರದುರ್ಗ ಅಂತ ಕೊಡಿ, ಅಥವಾ 14.2 ಉತ್ತರ, 76.4 ಪೂರ್ವ ಅಂತ ಹಾಕಿ, ಸಂಜೆ ಏಳಕ್ಕೆ ನಿಲ್ಲಿಸಿ ದಿನ ಒಂದೊಂದೇ ಮುಂದಕ್ಕೆ ತಳ್ಳುತ್ತ ಹೋಗಿ. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಜಿಗಿಯುವುದು, ಗ್ರಹಗಳು ಕದಲಿಯೂ ಕದಲದಂತೆ ಇರುವುದು ಕಾಣುತ್ತದೆ. ಯಾವ ಗ್ರಹವಾದರೂ ಸರಿ, ಚಂದ್ರ ತಿಂಗಳಿಗೊಮ್ಮೆ ಅದರ ಹತ್ತಿರ ಹಾದೇ ಹೋಗುತ್ತಾನೆ. ಹಾಗಾಗಿ ಇದು ಅಪರೂಪ ಅನ್ನುವ ಟಿವಿ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಅಪರೂಪ ಅನ್ನಬೇಕಾದ್ದು ಗ್ರಹ ಗ್ರಹಗಳೇ ಅಂಟಿಕೊಂಡಂತೆ ಕಾಣುವುದು. 2020ರ ಡಿಸೆಂಬರ್ 21ರಂದು ಗುರು ಮತ್ತು ಶನಿ ಬರೀ ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಹತ್ತಿರ ಬಂದಿದ್ದವು. ಅಂಥದ್ದು ದಶಕಗಳ ಮಾತು.

ಹಂತ 3: ಜಾಗ

ಇಲ್ಲೇ ಎಲ್ಲರೂ ಎಡವುವುದು. ಪಶ್ಚಿಮ ದಿಗಂತ ಎಷ್ಟು ಕೆಳಗಿನವರೆಗೆ ಬಿಚ್ಚಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಚಿತ್ರದುರ್ಗದವರಿಗೆ ಒಂದು ಕಷ್ಟ: ಊರಿನ ಪಶ್ಚಿಮಕ್ಕೇ ಕೋಟೆ ಗುಡ್ಡ. ಲೆಕ್ಕ ಹಾಕಿ ನೋಡಿ. 300 ಮೀಟರ್ ಎತ್ತರದ ಗುಡ್ಡ 1 ಕಿಲೋಮೀಟರ್ ದೂರದಲ್ಲಿದ್ದರೆ 17 ಡಿಗ್ರಿ ಆಕಾಶ ನುಂಗುತ್ತದೆ. ಅದೇ ಗುಡ್ಡ 5 ಕಿಲೋಮೀಟರ್ ಆಚೆಗಿದ್ದರೆ ಮೂರೂವರೆ ಡಿಗ್ರಿ. ಕೋಟೆ ಬುಡದ ಹಳೇ ಬಡಾವಣೆಗಳಲ್ಲಿ ನಿಂತು ಬುಧನನ್ನು ಹುಡುಕುವುದು ವ್ಯರ್ಥ, ಅದು ಬಂಡೆ ಹಿಂದೆ ಇಳಿದಾಗಿರುತ್ತದೆ. ಕೋಟೆಯ ಮೇಲೇ ಹೋಗೋಣ ಅಂದರೆ ಸಂಜೆ ಮುಚ್ಚಿಬಿಡುತ್ತಾರೆ. ಚಂದ್ರವಳ್ಳಿ ಗುಡ್ಡಗಳ ನಡುವಿನ ತಗ್ಗು, ಹೆಸರು ಚಂದ್ರನದೇ ಆದರೂ ಈ ಕೆಲಸಕ್ಕೆ ಆಗದು. ಜೋಗಿಮಟ್ಟಿ ಅರಣ್ಯ, ಕತ್ತಲಾದ ಮೇಲೆ ಅಲ್ಲಿ ಇರುವ ಹಾಗಿಲ್ಲ. ಸುಲಭದ ದಾರಿ ಅಂದ್ರೆ ಊರಿಂದ ಪೂರ್ವಕ್ಕೆ ಸರಿಯುವುದು. ಚಳ್ಳಕೆರೆ ಕಡೆಯ, ಹಿರಿಯೂರು ಕಡೆಯ ಬಯಲಲ್ಲಿ ದಿಗಂತ ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ ಕಾಣುತ್ತದೆ, ಮಳೆ ಕಡಿಮೆ, ಮೋಡವೂ ಕಡಿಮೆ. ಹೊಲದಲ್ಲಿ ನಿಲ್ಲುವುದಾದರೆ ಹೊಲದವರಿಗೆ ಒಂದು ಮಾತು ಹೇಳಿ. ಹೇಳಿದರೆ ಅವರೂ ಬಂದು ನಿಲ್ಲುತ್ತಾರೆ.

ದಾವಣಗೆರೆಯವರು ಪುಣ್ಯವಂತರು, ನೆಲ ಚಪ್ಪಟೆ. ಅಲ್ಲಿ ತೊಂದರೆ ಹೊಗೆಯದು. ಮಂಡಕ್ಕಿ ಭಟ್ಟಿಗಳ ಹೊಗೆ, ಭತ್ತದ ಕಟಾವು ಆದ ಮೇಲೆ ಗದ್ದೆಯಲ್ಲಿ ಹುಲ್ಲು ಸುಡುವ ಹೊಗೆ, ದಿಗಂತದ ಕೆಳಗಿನ ಐದು ಡಿಗ್ರಿಯನ್ನು ಕಂದು ಮಾಡಿಬಿಡುತ್ತವೆ. ಭಟ್ಟಿಗಳು ನಿಮ್ಮ ಪಶ್ಚಿಮಕ್ಕೆ ಬಾರದಂತೆ ಜಾಗ ಆರಿಸಿ. ಕುಂದುವಾಡ ಕೆರೆಯಂಥ ಕಡೆ ನೀರು ಪಶ್ಚಿಮಕ್ಕೆ ಬರುವಂತೆ ನಿಂತರೆ ಎದುರಿಗೆ ಮರ, ಮನೆ ಯಾವುದೂ ಅಡ್ಡ ಬಾರದು. ಸೂಳೆಕೆರೆಗೆ ಹೋಗುವಷ್ಟು ಪುರುಸೊತ್ತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಕೆರೆ ಏರಿ ಮೇಲೆ ಮುಸ್ಸಂಜೆ ಹಾವು ಹರಿದಾಡುವ ಹೊತ್ತು, ಬೂಟು, ಟಾರ್ಚು ಮರೆಯಬೇಡಿ.

ಹಗಲೇ ಒಮ್ಮೆ ಹೋಗಿ ಸೂರ್ಯ ಎಲ್ಲಿ ಮುಳುಗುತ್ತಾನೆ ಗುರುತು ಮಾಡಿಕೊಳ್ಳಿ. ಜೂನ್ ಕೊನೆಗೆ ನೇರ ಪಶ್ಚಿಮದಿಂದ 24 ಡಿಗ್ರಿ ಬಲಕ್ಕೆ, ಡಿಸೆಂಬರ್ ಕೊನೆಗೆ ಅಷ್ಟೇ ಎಡಕ್ಕೆ. ಮಾರ್ಚಿನಲ್ಲಿ ಆರಿಸಿದ ಕಿಂಡಿ ಜೂನಿಗೆ ಕೆಲಸಕ್ಕೆ ಬರುವುದಿಲ್ಲ.

ಹಂತ 4: ಕೈ ಚಾಚಿ ಅಳೆಯಿರಿ

ಕೈ ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅಗಲ 10 ಡಿಗ್ರಿ. ನಡುವಿನ ಮೂರು ಬೆರಳು ಸೇರಿ 5, ಕಿರುಬೆರಳು 1. ಚಂದ್ರ ಬರೀ ಅರ್ಧ ಡಿಗ್ರಿ, ಕಿರುಬೆರಳಲ್ಲಿ ಅರ್ಧ. ಯಾರೂ ನಂಬುವುದಿಲ್ಲ, ಮಾಡಿ ನೋಡಿ.

ಈಗ ಗಡಿಯಾರ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಹಾಗಾಗಿ ದಿಗಂತದಿಂದ ಒಂದು ಮುಷ್ಟಿ ಎತ್ತರ ಇರುವ ಗ್ರಹ ನಮ್ಮ ಊರಲ್ಲಿ ಸುಮಾರು 40 ನಿಮಿಷಕ್ಕೆ ಮುಳುಗುತ್ತದೆ. ಎರಡು ಮುಷ್ಟಿ ಇದ್ದರೆ ಒಂದು ಗಂಟೆ ಇಪ್ಪತ್ತು ನಿಮಿಷ. ಟೀ ಕುಡಿದು ಬರಬಹುದೋ ಇಲ್ಲವೋ ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ.

ಗ್ರಹ ಎಲ್ಲಿ ಹುಡುಕಬೇಕು? ಸೂರ್ಯ ಮುಳುಗಿದ ಜಾಗದಿಂದ ಚಂದ್ರನವರೆಗೆ ಒಂದು ಗೆರೆ ಎಳೆದುಕೊಳ್ಳಿ, ಅದನ್ನೇ ಮೇಲಕ್ಕೂ ಮುಂದುವರಿಸಿ. ಗ್ರಹಗಳೆಲ್ಲ ಆ ಗೆರೆಯ ಆಜುಬಾಜಿನಲ್ಲೇ ಇರುತ್ತವೆ, ಯಾಕಂದ್ರೆ ಭೂಮಿ, ಗ್ರಹ, ಚಂದ್ರ ಎಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸುತ್ತುತ್ತವೆ. ಚಂದ್ರನ ದಾರಿ ಮಾತ್ರ 5 ಡಿಗ್ರಿ ಓರೆ. ಮಾರ್ಚ್, ಏಪ್ರಿಲಿನಲ್ಲಿ ಈ ಗೆರೆ ನಮ್ಮಲ್ಲಿ ಬಹುತೇಕ ನೆಟ್ಟಗೆ ಮೇಲೇರುತ್ತದೆ. ಸೆಪ್ಟೆಂಬರಿನಲ್ಲಿ ಎಡಕ್ಕೆ ವಾಲುತ್ತದೆ, ಆಗಲೂ ದಿಗಂತಕ್ಕೆ 50 ಡಿಗ್ರಿಗಿಂತ ಹೆಚ್ಚು ಕೋನದಲ್ಲಿ. ಲಂಡನ್ನಿನವರಿಗೆ ಅದೇ ಸೆಪ್ಟೆಂಬರಿನಲ್ಲಿ 15 ಡಿಗ್ರಿ, ಗೆರೆ ನೆಲಕ್ಕೇ ಒರಗಿರುತ್ತದೆ. ಬುಧನನ್ನು ನೋಡುವುದು ಕಷ್ಟ ಅಂತ ಅಲ್ಲಿನ ಪುಸ್ತಕಗಳಲ್ಲಿ ಬರೆಯುವುದು ಅಲ್ಲಿಯವರಿಗೆ ಸರಿ. ದುರ್ಗದ ಬಯಲಲ್ಲಿ ನಿಂತವರು ಆ ಮಾತಿಗೆ ಹೆದರಬೇಕಿಲ್ಲ.

ಯುಗಾದಿ ಚಂದ್ರ ದೋಣಿಯ ಹಾಗೆ ಮಲಗಿರುವುದೂ ಇದೇ ಕಾರಣಕ್ಕೆ. ಬೆಳಗಿದ ಭಾಗ ಸೂರ್ಯನ ಕಡೆಗೇ ಇರಬೇಕಲ್ಲ, ಸೂರ್ಯ ನೇರ ಕೆಳಗಿದ್ದಾನೆ. ಯಾವ ಕೋಡು ಮೇಲಿದೆ ಅಂತ ನೋಡಿ ಮಳೆ, ಬೆಳೆ ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಮಳೆಯ ವಿಷಯ ಅವರಿಗೇ ಬಿಡುತ್ತೇನೆ. ಕೋಡು ಒಂದು ವರ್ಷ ಎಡಕ್ಕೆ, ಇನ್ನೊಂದು ವರ್ಷ ಬಲಕ್ಕೆ ಏಳುವುದಕ್ಕೆ ಮುಖ್ಯ ಕಾರಣ ಆ 5 ಡಿಗ್ರಿ ಓರೆ. ಅದರ ದಿಕ್ಕು 18.6 ವರ್ಷಕ್ಕೆ ಒಂದು ಸುತ್ತು ಬರುತ್ತದೆ.

ಹಂತ 5: ನಿಮಿಷ ನಿಮಿಷಕ್ಕೆ ಏನು ಕಾಣುತ್ತದೆ

ನಮ್ಮಲ್ಲಿ ಮುಸ್ಸಂಜೆ ಗಿಡ್ಡ. ಸೂರ್ಯ ಮುಳುಗಿದ ಮೇಲೆ ಸುಮಾರು ಒಂದೂಕಾಲು ಗಂಟೆಯಲ್ಲಿ ಪೂರ್ತಿ ಕತ್ತಲು.

ಮುಳುಗಿದ ಐದು ನಿಮಿಷಕ್ಕೆ ಶುಕ್ರ ಸಿಗಬೇಕು, ನೆಲೆ ಗೊತ್ತಿದ್ದರೆ ಮುಳುಗುವ ಮುಂಚೆಯೇ ಸಿಗುತ್ತದೆ. ಬಿಳಿ, ನಿಶ್ಚಲ, ಕಣ್ಣಿಗೆ ಹೊಡೆಯುವ ಬೆಳಕು. ಹದಿನೈದು ನಿಮಿಷಕ್ಕೆ ಗುರು, ಕೆನೆ ಬಣ್ಣ, ಶುಕ್ರನಿಗಿಂತ ಮಂಕು. ಅರ್ಧ ಗಂಟೆಗೆ ಬುಧ, ದಿಗಂತಕ್ಕೆ ಹತ್ತಿರ. ಅದು ಸ್ವಲ್ಪ ಮಿನುಗಿದರೂ ಅನುಮಾನ ಬೇಡ, ಅಷ್ಟು ಕೆಳಗೆ ಗಾಳಿ ದಪ್ಪ. ಮಂಗಳ, ಶನಿ ಸಾಮಾನ್ಯವಾಗಿ ಮುಕ್ಕಾಲು ಗಂಟೆ ಕೇಳುತ್ತವೆ. ಮಂಗಳ ಕೆಂಚು, ಶನಿ ಮಾಸಲು ಹಳದಿ. ಗುಡ್ಡದ ತುದಿಯ ಟವರಿನ ಕೆಂಪು ದೀಪವನ್ನು ಮಂಗಳ ಅಂತ ಮಕ್ಕಳಿಗೆ ತೋರಿಸಿದವರನ್ನು ಕಂಡಿದ್ದೇನೆ. ಹತ್ತು ನಿಮಿಷ ಕಾದು ನೋಡಿ, ಗ್ರಹವಾದರೆ ಇಳಿಯಲೇಬೇಕು.

ಇಪ್ಪತ್ತರಿಂದ ನಲವತ್ತನೇ ನಿಮಿಷದ ನಡುವೆ ಚಂದ್ರನ ಕಡೆಗೂ ಗಮನ ಕೊಡಿ. ತೆಳು ಗೆರೆಯ ಒಳಗೆ ಉಳಿದ ದುಂಡು ಬೂದು ಬಣ್ಣದಲ್ಲಿ ಮಬ್ಬಾಗಿ ಕಾಣುತ್ತದೆ. ಅದು ಭೂಮಿಯ ಮೇಲೆ ಬಿದ್ದ ಬಿಸಿಲು ಚಂದ್ರನಿಗೆ ಹೋಗಿ, ಮತ್ತೆ ನಮ್ಮ ಕಣ್ಣಿಗೆ ಬಂದಿರುವುದು. ನನ್ನನ್ನು ಕೇಳಿದರೆ ಪಕ್ಕದ ಗ್ರಹಕ್ಕಿಂತ ಇದೇ ಚೆಂದ.

ಹಂತ 6: ಬೈನಾಕ್ಯುಲರ್ ಇದ್ದರೆ

ಮೊದಲ ಮಾತು: ಸೂರ್ಯನ ಕೊನೆಯ ಅಂಚೂ ಮುಳುಗುವ ತನಕ ಪಶ್ಚಿಮಕ್ಕೆ ಬೈನಾಕ್ಯುಲರ್ ಎತ್ತಬೇಡಿ. ಕ್ಷಣಮಾತ್ರಕ್ಕೆ ಸೂರ್ಯ ಸಿಕ್ಕರೂ ಕಣ್ಣು ಹೋಗುತ್ತದೆ. ಮಕ್ಕಳಿದ್ದರೆ ಅಲ್ಲಿಯವರೆಗೆ ಚೀಲದಲ್ಲೇ ಇರಲಿ.

7x50 ಅಥವಾ 10x50 ಸಾಕು (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅಂತ, ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ). ಇವು ಒಂದೇ ನೋಟಕ್ಕೆ 6-7 ಡಿಗ್ರಿ ತೋರಿಸುತ್ತವೆ, ಅಂದ್ರೆ ಮೂರು ಬೆರಳಿನೊಳಗಿನ ಗುಂಪು ಪೂರ್ತಿ ಹಿಡಿಸುತ್ತದೆ. ಮೊದಲು ಚಂದ್ರನ ಮೇಲೆ ಫೋಕಸ್ ಮಾಡಿಕೊಳ್ಳಿ, ಆಮೇಲೆ ಸರಿಸಿ. ಗೋಡೆಗೆ ಮೊಣಕೈ ಊರಿ ಹಿಡಿದರೆ ಗುರುವಿನ ಅಕ್ಕಪಕ್ಕ ಸಣ್ಣ ಚುಕ್ಕಿ ಸಾಲು ಕಾಣುತ್ತದೆ, 1610ರಲ್ಲಿ ಗೆಲಿಲಿಯೊ ಕಂಡ ನಾಲ್ಕು ಉಪಗ್ರಹಗಳು ಅವೇ. ಶನಿಯ ಬಳೆ ಇದರಲ್ಲಿ ಕಾಣುವುದಿಲ್ಲ. ಮಂಡಕ್ಕಿ ಮಿರ್ಚಿ ಪೊಟ್ಟಣ ನೋಡಿ ಮುಗಿದ ಮೇಲೆ ಬಿಚ್ಚಿ, ಎಣ್ಣೆ ಬೆರಳು ಲೆನ್ಸಿಗೆ ತಾಗಿದರೆ ಅಂದಿನ ಸಂಜೆ ಮುಗಿದಂತೆ.

ಹಂತ 7: ಫೋಟೊ

ಮೊಬೈಲಿನ ಪ್ರೊ ಮೋಡಿಗೆ ಹೋಗಿ. ಐಎಸ್ಒ 100ರಿಂದ 400, ಶಟರ್ ಅರ್ಧದಿಂದ ಒಂದು ಸೆಕೆಂಡ್, ಫೋಕಸ್ ಅತಿ ದೂರಕ್ಕೆ, ಮೂರು ಸೆಕೆಂಡ್ ಟೈಮರ್. ಸ್ಟ್ಯಾಂಡ್ ಇಲ್ಲದಿದ್ದರೆ ಬೈಕಿನ ಸೀಟಿಗೆ ಒರಗಿಸಿ. ಬೆರಳಿಂದ ಎಳೆದು ಜೂಮ್ ಮಾಡಬೇಡಿ, ಎರಡು ಮೂರು ಪಟ್ಟಿನ ಲೆನ್ಸ್ ಇದ್ದರೆ ಅದನ್ನು ಬಳಸಿ. ಚಂದ್ರ ಚಿತ್ರದಲ್ಲಿ ಪುಟ್ಟದಾಗಿ ಬರುತ್ತಾನೆ, ಅದು ಹಾಗೇ. ಅದಕ್ಕೇ ಎದುರಿಗೆ ಮರವೋ ಗೋಪುರವೋ ಬೇಕು.

ಕ್ಯಾಮೆರಾ ಇದ್ದವರು 200 ಎಂಎಂ ಲೆನ್ಸಿನಲ್ಲಿ ಒಂದು ಸೆಕೆಂಡ್ ದಾಟಬೇಡಿ, ಆಕಾಶ ತಿರುಗುವುದರಿಂದ ಗ್ರಹ ಉದ್ದವಾಗುತ್ತದೆ. ಕೋಟೆ ಜೊತೆ ಚಂದ್ರ, ಗ್ರಹ ಬೇಕು ಅನ್ನುವವರಿಗೆ: ಚಳ್ಳಕೆರೆ ರಸ್ತೆಯಲ್ಲಿ ನಿಂತರೆ ಕೋಟೆ ಗುಡ್ಡ ಪಶ್ಚಿಮಕ್ಕಿಂತ ಸ್ವಲ್ಪ ಎಡಕ್ಕೆ ಬೀಳುತ್ತದೆ, ಡಿಸೆಂಬರ್-ಜನವರಿಯ ಸೂರ್ಯ ಮುಳುಗುವುದೂ ಆ ದಿಕ್ಕಿಗೇ. ಆ ತಿಂಗಳುಗಳ ಬಿದಿಗೆ, ತದಿಗೆ ಗೊತ್ತು ಮಾಡಿಕೊಳ್ಳಿ.

ಹಂತ 8: ಮೂರು ಸಂಜೆ ಬಿಡದೆ ನೋಡಿ

ಒಂದೇ ಸಂಜೆ ನೋಡಿದರೆ ಚಿತ್ರ ಸಿಗುತ್ತದೆ, ಮೂರು ನೋಡಿದರೆ ಚಂದ್ರ ನಡೆಯುವುದು ಕಾಣುತ್ತದೆ. 2023ರ ಯುಗಾದಿ ಇದಕ್ಕೆ ಒಳ್ಳೆ ಉದಾಹರಣೆ. ಹಬ್ಬ ಮಾರ್ಚ್ 22. ಮರುದಿನ 23ರ ಸಂಜೆ ಚಂದ್ರ, ಕೆಳಗಿನ ಗುರುವಿಗೂ ಮೇಲಿನ ಶುಕ್ರನಿಗೂ ನಡುವೆ ಇದ್ದ. 24ರಂದು ಇನ್ನೂ ಬೆಳಕಿರುವಾಗಲೇ ಶುಕ್ರನನ್ನು ಮುಚ್ಚಿ ಬಿಟ್ಟುಕೊಟ್ಟಿದ್ದ. ಕತ್ತಲಾಗುವಾಗ ಶುಕ್ರ ಅವನ ಕೆಳಗೆ ಬೆರಳ ತುದಿಯಷ್ಟು ದೂರದಲ್ಲಿ ನೇತಾಡುತ್ತಿತ್ತು. ದೇಶದ ತುಂಬ ಜನ ಅದನ್ನು ಮೊಬೈಲಿನಲ್ಲಿ ತೆಗೆದರು. ಚಂದ್ರ ಗಂಟೆಗೆ ತನ್ನ ಅಗಲದಷ್ಟೇ ಸರಿಯುತ್ತಾನೆ, ಅದನ್ನು ಅಂದು ಬರಿಗಣ್ಣಲ್ಲೇ ಹಿಡಿಯಬಹುದಿತ್ತು: ಏಳು ಗಂಟೆಗೆ ಇದ್ದ ಅಂತರ ಎಂಟಕ್ಕೆ ಇನ್ನೂ ಅರ್ಧ ಡಿಗ್ರಿ ಬೆಳೆದಿತ್ತು.

ನೋಡಿದ್ದನ್ನು ಒಂದು ನೋಟ್ ಬುಕ್ಕಿಗೆ ಗೀಚಿ. ದಿಗಂತದ ಗೆರೆ, ಚಂದ್ರ, ಚುಕ್ಕಿ, ಗಂಟೆ. ಚೆಂದ ಬರಬೇಕಂತಿಲ್ಲ.

ಲೆಕ್ಕ ಹಾಕಿ ತೋರಿಸುವ ಒಂದು ಉದಾಹರಣೆ

2026ರ ಜೂನ್ ತೆಗೆದುಕೊಳ್ಳಿ. 9ರ ಸಂಜೆ ಶುಕ್ರ, ಗುರು ನಡುವೆ ಸುಮಾರು ಒಂದೂವರೆ ಡಿಗ್ರಿ. ಅಮಾವಾಸ್ಯೆ ಮುಗಿಯುವುದು 15ರ ಬೆಳಗ್ಗೆ. 16ರ ಸಂಜೆ ಬಿದಿಗೆ, ಚಂದ್ರ ಸೂರ್ಯನಿಂದ ಎರಡು ಮುಷ್ಟಿ, ಅವನ ಮೇಲ್ಗಡೆ ಬುಧ. 17ರ ಸಂಜೆ ತದಿಗೆ, ಮೂರು ಮುಷ್ಟಿಗೂ ಸ್ವಲ್ಪ ಮೇಲೆ. ಕೆಳಗೆ ಗುರು, ಮೇಲೆ ಶುಕ್ರ, ನಡುವೆ ಚಂದ್ರ, ಮೂರೂ ಒಂದು ಮುಷ್ಟಿಯೊಳಗೆ. ಆ ದಿನಗಳಲ್ಲಿ ದುರ್ಗದಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ಐದಾರು ನಿಮಿಷ ಮುಂಚೆ. ಏಳೂ ಕಾಲಿಗೆ ನಿಂತರೆ ಎಂಟರವರೆಗೆ ಆರಾಮಾಗಿ ನೋಡಬಹುದು. ದಿಕ್ಕು, ನೇರ ಪಶ್ಚಿಮದಿಂದ ಎರಡು ಮುಷ್ಟಿ ಬಲಕ್ಕೆ. ಗುರುವಿನ ಬೆಳಕು ನಮಗೆ ಬರಲು ಮುಕ್ಕಾಲು ಗಂಟೆಗೂ ಜಾಸ್ತಿ ಬೇಕು, ಚಂದ್ರನದು ಒಂದೂಕಾಲು ಸೆಕೆಂಡಿಗೆ ಬರುತ್ತದೆ. ಪಕ್ಕಪಕ್ಕ ಅನ್ನುವುದೆಲ್ಲ ನಮ್ಮ ಕಣ್ಣಿನ ಲೆಕ್ಕ.

ಜೂನ್ ಅಂದರೆ ಮುಂಗಾರು, ಮೋಡದ್ದೇ ಭಯ. ಮಲೆನಾಡಿನ ಕಡೆಯಿಂದ ಮೋಡ ಬರುವುದರಿಂದ ಚನ್ನಗಿರಿಗಿಂತ ದಾವಣಗೆರೆ, ದಾವಣಗೆರೆಗಿಂತ ಚಳ್ಳಕೆರೆ ವಾಸಿ. ಮಳೆ ಬಂದು ಬಿಟ್ಟ ಸಂಜೆ ಧೂಳು ತೊಳೆದುಹೋಗಿರುತ್ತದೆ, ಮೋಡದ ನಡುವೆ ಒಂದು ಕಿಂಡಿ ಸಿಕ್ಕರೂ ಸಾಕು. ಹಾಗಾಗಿ ಮಳೆ ಬಂತು ಅಂತ ಮನೆಯಲ್ಲೇ ಕೂರಬೇಡಿ. ಒಂದು ಸಂಜೆ ತಪ್ಪಿದರೆ ಮರುದಿನ ಚಂದ್ರ ಒಂದೂಕಾಲು ಮುಷ್ಟಿ ಮೇಲೇರಿರುತ್ತಾನೆ, ಗ್ರಹಗಳು ಮಾತ್ರ ಹೆಚ್ಚುಕಡಿಮೆ ಅಲ್ಲೇ ಸಿಗುತ್ತವೆ.

ದೊಡ್ಡದು ಬೇಕು ಅನ್ನುವವರು 2040ರ ಸೆಪ್ಟೆಂಬರ್ 8 ಬರೆದಿಟ್ಟುಕೊಳ್ಳಿ. ಬುಧ, ಶುಕ್ರ, ಮಂಗಳ, ಗುರು, ಶನಿ ಐದೂ ಸುಮಾರು 10 ಡಿಗ್ರಿಯೊಳಗೆ, ಪಕ್ಕದಲ್ಲೇ ಎಳೆ ಚಂದ್ರ, ಅದೂ ಸಂಜೆಯ ಪಶ್ಚಿಮದಲ್ಲಿ. ಸೆಪ್ಟೆಂಬರ್ ಆದ್ದರಿಂದ ಗೆರೆ ಎಡಕ್ಕೆ ವಾಲಿರುತ್ತದೆ, ಎಡಗಡೆ ಮರ ಇಲ್ಲದ ಜಾಗ ಹುಡುಕಿಕೊಳ್ಳಬೇಕು.